ಗಾಳಿಯಲ್ಲಿ ನುಡಿಸಿದ ಹಾರ್ಮೋನಿಯಂ

ನೀವು ಮೊಬೈಲಿನಲ್ಲಿ ಮತ್ತೆ ಮತ್ತೆ ಹಾಕಿಕೊಂಡು ನಗುವ ಆ ವಿಡಿಯೋ ಇದೆಯಲ್ಲ, ಕಡೂರಿನ ಸಭೆಯಲ್ಲಿ ರೇಷ್ಮೆ ಸೀರೆಯ ಹೆಂಗಸೊಬ್ಬಳು ಕೈ ಎತ್ತಿದರೆ ಹಾರ್ಮೋನಿಯಂ ಬಿಕ್ಕಳಿಸುವುದು, ಕೈ ಇಳಿಸಿದರೆ ಡೋಲಕ್ಕು ಹುಚ್ಚು ಹಿಡಿದಂತೆ ಬಡಿಯುವುದು, ಅದರಲ್ಲಿ ನಾನೂ ಇದ್ದೇನೆ. ಹಿಂದಿನ ನೀಲಿ ಪರದೆಯ ಆಚೆ, ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದೆ. ಮಕ್ಕಳೇ, ಕೈ ಆಡಿಸಿ ನುಡಿಸುವ ಆ ಯಂತ್ರ ಕೆಟ್ಟಿತ್ತು ಎಂದು ನನ್ನ ಮಗ, ನಿಮ್ಮಪ್ಪ, ನಿಮಗೆ ಹೇಳಿದ್ದಾನೆ. ಕೆಟ್ಟಿರಲಿಲ್ಲ. ನಡೆದದ್ದನ್ನು ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ಆಗುವುದಿಲ್ಲ, ನಾಲ್ಕು ಜನ ಸೇರಿದರೆ ನನ್ನ ದನಿ ಗಂಟಲಲ್ಲೇ ನಿಲ್ಲುತ್ತದೆ. ಏಳನೇ ಕ್ಲಾಸಿನವರೆಗೆ ಓದಿದ್ದೇನೆ, ಬರೆಯಲು ಅದು ಸಾಕು.

ಚಿಕೂನ್‌ಗುನ್ಯಾ ಜ್ವರ ಬಂದ ವರ್ಷದಿಂದ ಶುರು ಮಾಡುತ್ತೇನೆ. ಆಗ ನಾನು ಕಡೂರಿನ ಒಂದು ಹೆಂಗಸರ ಸೋಬಾನೆ ತಂಡಕ್ಕೆ ಹಾರ್ಮೋನಿಯಂ ನುಡಿಸುತ್ತಿದ್ದೆ. ಅಜ್ಜಂಪುರದಿಂದ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ತಂಡ ಕಟ್ಟಿದವಳನ್ನು ಎಲ್ಲರೂ ಪ್ರೆಸಿಡೆಂಟಕ್ಕ ಎಂದು ಕರೆಯುತ್ತಿದ್ದರು. ಅವಳಿಗೆ ಮಾತು ಚೆನ್ನಾಗಿ ಬರುತ್ತಿತ್ತು, ರಾಗ ಹಾಕಲು ಬರುತ್ತಿರಲಿಲ್ಲ. ತಂಡದ ಹಾಡುಗಳಲ್ಲಿ ಮುಕ್ಕಾಲು ಪಾಲಿಗೆ ರಾಗ ಕೂಡಿಸಿದವಳು ನಾನು. ಆದರೆ ನಾನು ಗಂಡನಿಲ್ಲದವಳೆಂದು ಮದುವೆ ಮನೆಗಳಲ್ಲಿ ನನ್ನನ್ನು ಕಂಬದ ಹಿಂದೆಯೋ ಪರದೆಯ ಮರೆಗೋ ಕೂರಿಸುತ್ತಿದ್ದಳು. ನಾನು ನಾಚಿಕೆಯವಳು, ಮರೆಯೇ ವಾಸಿ ಎಂದುಕೊಂಡು ವರ್ಷಗಟ್ಟಲೆ ಸುಮ್ಮನಿದ್ದೆ.

ಜ್ವರ ಬಿಟ್ಟ ಮೇಲೂ ಬೆರಳ ಗಿಣ್ಣುಗಳು ಮಡಿಸಲು ಬರಲಿಲ್ಲ. ಎರಡು ತಿಂಗಳು ಕಾದೆ. ಒಂದು ದಿನ ಅವಳ ಫೋನ್ ಬಂತು.

“ಬೆರಳೇ ಆಡಲ್ಲ ಅಂದ್ಮೇಲೆ ನೀನು ಬಂದು ಏನ್ ಮಾಡ್ತೀಯೇ? ಮನೇಲಿ ರೆಸ್ಟ್ ತಗೋ. ನನ್ ನಾದಿನಿ ಕೀಬೋರ್ಡ್ ಕಲ್ತವ್ಳೆ.”

“ವಾಸಿಯಾಗುತ್ತೆ ಅಂತ ಡಾಕ್ಟ್ರು ಹೇಳವ್ರೆ ಅಕ್ಕ.”

“ಆದಾಗ ನೋಡಾನ ಬಿಡು.”

ಅಷ್ಟೇ ಮಾತು. ಅದಾದ ತಿಂಗಳಿಗೆ ತಂಡದವಳೊಬ್ಬಳು ಹೊಸದಾಗಿ ಅಚ್ಚು ಹಾಕಿಸಿದ ಹಾಡಿನ ಪುಸ್ತಕ ತಂದುಕೊಟ್ಟಳು. ಮೊದಲ ಪುಟದಲ್ಲಿ ‘ರಾಗ ಸಂಯೋಜನೆ’ ಎಂದು ಪ್ರೆಸಿಡೆಂಟಕ್ಕನ ಹೆಸರಿತ್ತು, ಜೊತೆಗೆ ಅವಳ ಫೋಟೋ. ನನ್ನ ಹೆಸರನ್ನು ಕೊನೆಯ ರಟ್ಟಿನವರೆಗೂ ಹುಡುಕಿದೆ. ಆ ದಿನ ಊಟ ಮಾಡಲಿಲ್ಲ. ನನಗೆ ಹೆಸರು ಬೇಕಿತ್ತೋ ಇಲ್ಲವೋ ಗೊತ್ತಿಲ್ಲ. ಒಂದು ಸಲ, ಅವಳ ಕಣ್ಣೆದುರಿಗೆ, ಮುಂದೆ ಕೂತು ನುಡಿಸಬೇಕು, ಅವಳು ನೋಡುತ್ತ ನಿಲ್ಲಬೇಕು. ಇದು ಮಾತ್ರ ನನಗೆ ಬೇಕೇ ಬೇಕಿತ್ತು. ನಿಮ್ಮಜ್ಜಿ ದೇವರಂಥವಳು ಎಂದು ಜನ ಹೇಳಿದರೆ ನಂಬಬೇಡಿ.

ಹಾರ್ಮೋನಿಯಂ ಕಣ್ಣಿಗೆ ಬಿದ್ದರೆ ಸಂಕಟವಾಗುತ್ತಿತ್ತು. ಅದನ್ನು ಮಾರಿಬಿಡೋಣವೆಂದು ತರೀಕೆರೆಯ ಒಂದು ರೇಡಿಯೋ ರಿಪೇರಿಯವರ ಮನೆಗೆ ಹೊತ್ತುಕೊಂಡು ಹೋದೆ. ತಲೆಮಾರುಗಳಿಂದ ಅಲ್ಲೇ ಇರುವ ಸಾಬರ ಮನೆತನ. ತಿದಿ ಹೊಲಿಯುವುದು, ಸ್ವರ ಕೂಡಿಸುವುದು ಎಲ್ಲವೂ ಅವರಿಗೆ ಬರುತ್ತಿತ್ತು. ಅವರು ಪೆಟ್ಟಿಗೆ ಬಿಚ್ಚಿ ಪರೀಕ್ಷೆ ಮಾಡುತ್ತಿದ್ದಾಗ ನಾನು ಮೂಲೆಯಲ್ಲಿ ಕೂತಿದ್ದೆ. ಅವರ ಮಗಳು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಲೆಕ್ಚರರ್. ಆಕೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

“ಅಮ್ಮ, ಅಪ್ಪ ಸ್ವರ ಒತ್ತಿದಂಗೆಲ್ಲ ನಿಮ್ಮ ಕೈ ತೊಡೆ ಮೇಲೆ ಆಡ್ತಾ ಇದೆ. ಬೆರಳು ಮಡಚಲ್ಲ, ಮಣಿಕಟ್ಟು, ಮೊಣಕೈ ಎಲ್ಲ ಸರಿ ಇದಾವಲ್ಲ?”

“ಅವೇನೋ ಸರಿ ಇದಾವೆ. ಅವನ್ನ ಇಟ್ಕೊಂಡು ಏನ್ ಮಾಡ್ಲಿ?”

“ಹಾರ್ಮೋನಿಯಂ ಮಾರ್ಬೇಡಿ. ನನಗೊಂದಷ್ಟು ಭಾನುವಾರ ಕೊಡಿ.”

ಹೀಗೆ ಸುಮಾರು ಐದು ತಿಂಗಳು ಪ್ರತಿ ಭಾನುವಾರ ತರೀಕೆರೆಗೆ ಹೋದೆ. ಮೊದಲು ಮಾಡಿದ ಕೆಲಸವೆಂದರೆ ನನ್ನ ಹಾರ್ಮೋನಿಯಮ್ಮಿನ ದನಿಯನ್ನೇ ಕಂಪ್ಯೂಟರಿಗೆ ತುಂಬಿಸಿದ್ದು. ಅವಳ ಅಪ್ಪ ತಿದಿ ಒತ್ತುವುದು, ನಾನು ಹೆಬ್ಬೆಟ್ಟಿನಲ್ಲಿ ಒಂದೊಂದೇ ಸ್ವರದ ಮನೆ ಒತ್ತಿ ಹಿಡಿಯುವುದು. ಫ್ಯಾನ್ ಆರಿಸಿ, ಕಿಟಕಿಗೆ ಕಂಬಳಿ ಕಟ್ಟಿ ಕೂರುತ್ತಿದ್ದೆವು. ಒಂದು ಪಂಚಮದ ಹಿಂದೆ ಕುಕ್ಕರ್ ಕೂಗಿತು, ಇನ್ನೊಂದರಲ್ಲಿ ಬಸ್ಸಿನ ಹಾರನ್ ಸೇರಿತು. ಮೂರನೇ ಭಾನುವಾರಕ್ಕೆ ಎಲ್ಲ ಸ್ವರ ಶುದ್ಧವಾಗಿ ಸಿಕ್ಕವು.

ಆಮೇಲೆ ಅವಳು ಎರಡು ಕೈಪಟ್ಟಿ ಹೊಲಿದಳು. ಒಂದೊಂದರಲ್ಲಿ ಕಡ್ಲೆಬೀಜದಷ್ಟು ದೊಡ್ಡ ಸೆನ್ಸರ್. ಕೈ ಎಷ್ಟು ಓರೆಯಾಗಿದೆ, ಯಾವ ಕಡೆ ತಿರುಗಿತು, ಎಷ್ಟು ಜೋರಾಗಿ ಝಾಡಿಸಿತು, ಅದಕ್ಕೆ ಇಷ್ಟು ಗೊತ್ತಾಗುತ್ತದೆ. ಬಲಗೈಯನ್ನು ತೊಡೆಯಿಂದ ಭುಜದವರೆಗೆ ಏರಿಸಿದರೆ ಸ್ವರಗಳು ಮೆಟ್ಟಿಲಿನಂತೆ ಏರುತ್ತವೆ. ಎಡಗೈಯನ್ನು ತಿದಿ ಒತ್ತಿದ ಹಾಗೆ ಆಡಿಸಿದರೆ ದನಿ ಹಿಗ್ಗುತ್ತದೆ. ಬಲ ಮಣಿಕಟ್ಟನ್ನು ಸಣ್ಣಗೆ ಝಾಡಿಸಿದರೆ ಸ್ವರ ಹೊಸದಾಗಿ ಹುಟ್ಟುತ್ತದೆ, ಎಡ ಮಣಿಕಟ್ಟನ್ನು ಝಾಡಿಸಿದರೆ ಮೊದಲೇ ತುಂಬಿಟ್ಟ ಡೋಲಕ್ಕು ಶುರು, ಇನ್ನೊಂದು ಸಲ ಝಾಡಿಸಿದರೆ ನಿಲ್ಲುತ್ತದೆ. ಪಟ್ಟಿಗಳಿಂದ ಹೊರಟ ಸುದ್ದಿಯನ್ನು ಸ್ಟೀಲ್ ಟಿಫಿನ್ ಕ್ಯಾರಿಯರ್ ಗಾತ್ರದ ಒಂದು ಡಬ್ಬ ಹಿಡಿದುಕೊಂಡು ಸ್ಪೀಕರಿಗೆ ಕೊಡುತ್ತಿತ್ತು.

ಹೇಳುವಷ್ಟು ಸುಲಭವಾಗಿ ಆಗಲಿಲ್ಲ. ಮೊದಮೊದಲು ಕೈ ಆಡಿಸಿದ ಮೇಲೆ ಒಂದು ಚಿಟಿಕೆಯಷ್ಟು ತಡವಾಗಿ ಸ್ವರ ಬರುತ್ತಿತ್ತು. ಹಾಡು ಮುಂದೆ, ನಾನು ಹಿಂದೆ. ಸೆನ್ಸರಿನದೇ ತಪ್ಪೆಂದು ಎರಡು ವಾರ ಅದನ್ನೇ ಕೆದಕಿದಳು. ಕೊನೆಗೆ ನೋಡಿದರೆ ತಡ ಮಾಡುತ್ತಿದ್ದದ್ದು ಬ್ಲೂಟೂತ್ ಸ್ಪೀಕರ್. ವೈರ್ ಎಳೆದ ಮೇಲೆ ಸರಿಹೋಯಿತು. ಇನ್ನೊಂದು ತೊಂದರೆ, ಐದಾರು ನಿಮಿಷವಾದರೆ ಸ್ವರಗಳು ಜಾರುತ್ತಿದ್ದವು. ಕೈ ಎಲ್ಲಿಂದ ಹೊರಟಿತೆಂಬುದು ಯಂತ್ರಕ್ಕೆ ಮರೆತುಹೋಗುತ್ತಿತ್ತು. ಎರಡೂ ಕೈ ತೊಡೆಯ ಮೇಲಿಟ್ಟು ಮೂರು ಎಣಿಸಿದರೆ ಅದಕ್ಕೆ ನೆಲೆ ಸಿಗುತ್ತದೆಂದು ಅವಳು ಕಂಡುಹಿಡಿದಳು. ಅದಕ್ಕಾಗಿ ಪ್ರತಿ ನುಡಿಯ ಕೊನೆಯಲ್ಲಿ, ಮೇಳದವರು ಪಲ್ಲವಿ ಎತ್ತಿಕೊಳ್ಳುವಾಗ, ನಾನು ಕೈ ಇಳಿಸುವ ಹಾಗೆ ಹಾಡಿನ ರಾಗವನ್ನೇ ಬದಲಾಯಿಸಿದೆ. ಆ ಉಪಾಯ ನನ್ನದು.

ಮುಖ್ಯವಾದದ್ದು ನಂಬರಿನ ವಿಚಾರ. ಎಷ್ಟು ಜೋರಾಗಿ ಝಾಡಿಸಿದರೆ ಲೆಕ್ಕಕ್ಕೆ ಹಿಡಿಯಬೇಕೆಂದು ಡಬ್ಬದಲ್ಲಿ ಒಂದರಿಂದ ನೂರರವರೆಗೆ ನಂಬರಿತ್ತು. ಏರಿಸಲು ಒಂದು ಗುಂಡಿ, ಇಳಿಸಲು ಒಂದು. ನಂಬರ್ ಇಳಿದಷ್ಟೂ ಸಣ್ಣ ಅಲುಗಾಟವೂ ಲೆಕ್ಕಕ್ಕೆ ಬರುತ್ತದೆ. ಅವಳು ಐವತ್ತಕ್ಕೆ ಇಟ್ಟಿದ್ದಳು. ನನ್ನ ಕೈಗೆ ಡೋಲಕ್ಕು ಅಲುಗಲೇ ಇಲ್ಲ.

“ಇನ್ನೂ ಜೋರಾಗಿ ಝಾಡ್ಸಿ ಅಮ್ಮ.”

“ಇಷ್ಟೇ ಕಣಮ್ಮ ನನ್ ಕೈಗೆ ಬರೋದು.”

“ಯಾರಿಗೂ ಕಾಣ್ಬಾರ್ದು ಅನ್ನೋ ಹಂಗೆ ಆಡಿಸ್ತೀರ ನೀವು,” ಎಂದು ನಕ್ಕು ಇಳಿಸುತ್ತ ಇಳಿಸುತ್ತ ಹನ್ನೆರಡಕ್ಕೆ ತಂದಳು. ಹನ್ನೆರಡಕ್ಕೆ ಅದು ನನ್ನ ಮಾತು ಕೇಳಿತು. ಮಡಿಲಲ್ಲಿ ಮಗು ಇಟ್ಟುಕೊಂಡವಳಂತೆ ಸಣ್ಣದಾಗಿ ಕೈಯಾಡಿಸಿದರೂ ಇಡೀ ಮನೆ ತುಂಬ ಹಾರ್ಮೋನಿಯಂ. 

ಚಹಾ ತಂದ ಅವಳ ತಾಯಿ ತನಗೂ ಕಟ್ಟಿ ಎಂದರು. ಅವರ ಕೈತುಂಬ ಗಾಜಿನ ಬಳೆ. ಕೈ ಅಲುಗಿಸಿದ್ದೇ ತಡ, ಡೋಲಕ್ಕು ಶುರುವಾಯಿತು, ನಿಂತಿತು, ಶುರುವಾಯಿತು, ನಿಂತಿತು. ಆ ತಾಯಿ ಹೆದರಿ ಕೈ ಕೊಡವಿದರೆ ಇನ್ನೂ ಜಾಸ್ತಿ. ನಕ್ಕು ನಕ್ಕು ನನಗೆ ಕಣ್ಣಲ್ಲಿ ನೀರು ಬಂತು.

“ಬಳೆ ಪಟ್ಟಿಗೆ ಬಡೀತಾ ಇದೆ. ಅದನ್ನ ಝಾಡಿಸಿದ್ದು ಅಂದ್ಕೊಳ್ತಿದೆ,” ಎಂದಳು ಮಗಳು. “ಬಳೆ ಹಾಕಿದ ಕೈ ಆದ್ರೆ ಅರವತ್ತಕ್ಕೆ ಇಡ್ಬೇಕು. ನಿಮ್ಮ ಕೈ ಖಾಲಿ, ಅದಕ್ಕೇ ಇದುವರೆಗೂ ಗೊತ್ತಾಗ್ಲಿಲ್ಲ.”

ಅರವತ್ತು. ಅದನ್ನು ನೆನಪಿಟ್ಟುಕೊಂಡೆ.

ಕಲಿತದ್ದನ್ನು ತೆಗೆದುಕೊಂಡು ಪ್ರೆಸಿಡೆಂಟಕ್ಕನ ಮನೆಗೇ ಹೋದೆ. ಬೇರೆ ಎಲ್ಲಿಗೆ ಹೋದರೂ ನನಗೆ ಸಮಾಧಾನವಿರಲಿಲ್ಲ. ತಂಡದ ಏಳೆಂಟು ಹೆಂಗಸರ ಮುಂದೆ, ತಲೆ ತಗ್ಗಿಸಿಕೊಂಡೇ, ಒಂದು ಆರತಿ ಹಾಡು ನುಡಿಸಿದೆ. ಮುಗಿಯುವ ಹೊತ್ತಿಗೆ ಇಬ್ಬರು ಅಳುತ್ತಿದ್ದರು. ಪ್ರೆಸಿಡೆಂಟಕ್ಕನ ಕಣ್ಣು ಮಾತ್ರ ಪಟ್ಟಿಯ ಮೇಲಿತ್ತು.

“ಮುಂದಿನ್ ತಿಂಗ್ಳು ಕಡೂರಲ್ಲಿ ಮಹಿಳಾ ಸಮಾವೇಶ ಐತೆ. ದೀಪ ಹಚ್ಚೋವಾಗ ನಮ್ದೇ ಹಾಡು. ಇದನ್ನೇ ಇಡಾನ,” ಎಂದಳು. ನಾನು ತಲೆ ಎತ್ತಿದೆ. ಆಮೇಲೆ ಹೇಳಿದಳು: “ಪಟ್ಟಿ ನಾನ್ ಕಟ್ಕೋತೀನಿ. ದೀಪ ಹಚ್ಚೋ ಜಾಗದಲ್ಲಿ ನೀನು ಮುಂದೆ ನಿಂತ್ರೆ ಜನ ಏನಂತಾರೆ? ನೀನು ಹಿಂದೆ ಡಬ್ಬ ನೋಡ್ಕೋ. ನಿಂಗೂ ನಾಚ್ಕೆ, ಒಳ್ಳೇದಾಯ್ತಲ್ಲ.”

ತಂಡದವಳೊಬ್ಬಳು, “ಅಕ್ಕ, ನುಡಿಸೋದು ಅವ್ರಲ್ವಾ?” ಎಂದಳು.

“ನುಡಿಸೋದು ಮಿಷನ್ ಕಣೇ. ಕೈ ಯಾರ್ದಾದ್ರೇನು?”

ನಾನು ಹೂಂ ಎಂದೆ. ಬೇಡ ಎಂದು ಹೇಳಬಹುದಿತ್ತು. ಲೆಕ್ಚರರ್ ಹುಡುಗಿಗೂ ಹೇಳಿಕೊಳ್ಳಲಿಲ್ಲ. ಪ್ರೆಸಿಡೆಂಟಕ್ಕ ಆಸೆಪಡುತ್ತಾಳೆ, ಕಲಿಸುತ್ತೇನೆ ಎಂದಷ್ಟೇ ಹೇಳಿದೆ. ಆಕೆಗೆ ಸಂತೋಷವಾಯಿತು. ಅಷ್ಟು ದೊಡ್ಡ ಸಭೆಗೆ ಪ್ರಿನ್ಸಿಪಾಲರನ್ನೇ ಕರೆತರುತ್ತೇನೆ ಎಂದಳು.

ಕಡೂರಿಗೆ ಹೋಗಿ ಹದಿನೈದು ದಿನ ಕಲಿಸಿದೆ. ಸುಳ್ಳು ಹೇಳಬಾರದು, ಬೇಗ ಕಲಿತಳು. ಮನೆಯಲ್ಲಿದ್ದಾಗ ಅವಳ ಕೈಯಲ್ಲಿ ಒಂದೊಂದೇ ಚಿನ್ನದ ಬಳೆ. ಅದನ್ನು ಮೊಣಕೈಯತ್ತ ಸರಿಸಿ, ಕೆಳಗೆ ಪಟ್ಟಿ ಬಿಗಿದು, ಮೂವತ್ತಕ್ಕೆ ಇಟ್ಟರೆ ಸರಿಯಾಗಿ ನಡೆಯಿತು. ಒಂದು ದಿನ ಅವಳ ಮೇಜಿನ ಮೇಲೆ ಸಮಾವೇಶದ ಆಹ್ವಾನ ಪತ್ರಿಕೆ ನೋಡಿದೆ. ಬೆಳಗ್ಗೆ ಒಂಬತ್ತಕ್ಕೆ ಮುತ್ತೈದೆಯರಿಗೆ ಬಳೆ ತೊಡಿಸುವುದು, ಹತ್ತಕ್ಕೆ ದೀಪ. ಓದಿ, ಮಡಿಚಿ, ಅಲ್ಲೇ ಇಟ್ಟೆ. ಯಾರಿಗೂ ಏನೂ ಹೇಳಲಿಲ್ಲ.

ಸಮಾವೇಶದ ದಿನ ಸಭಾಂಗಣದ ಬಾಗಿಲಲ್ಲಿ ಬಳೆಗಾರ ಬಳೆಗಳ ಮಲಾರ ಹರಡಿಕೊಂಡು ಕೂತಿದ್ದ. ಬರುವ ಒಬ್ಬೊಬ್ಬರ ಕೈ ಹಿಡಿದು ಹಸಿರು ಗಾಜಿನ ಬಳೆ ಏರಿಸುತ್ತಿದ್ದ. ನಾನು ಹತ್ತಿರ ಹೋದಾಗ ನನ್ನ ಹಣೆ ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡ. ಪ್ರೆಸಿಡೆಂಟಕ್ಕ ಒಂದೊಂದು ಕೈಗೂ ಡಜನ್ ಹಾಕಿಸಿಕೊಂಡು ಬಂದಳು. ಅವಳ ಮಣಿಕಟ್ಟಿಗೆ ಪಟ್ಟಿ ಬಿಗಿದವಳು ನಾನೇ. ಬಳೆಗಳು ಇಳಿದು ಬಂದು ಪಟ್ಟಿಯ ಮೇಲೆ ಕೂತವು. ಆಗಲೂ ಹೇಳಬಹುದಿತ್ತು.

ಪರದೆಯ ಹಿಂದೆ ಡಬ್ಬದ ಮುಂದೆ ಕೂತೆ. ನಂಬರ್ ಮೂವತ್ತು. ಪರದೆಯ ಸಂದಿನಿಂದ ಅವಳ ಬೆನ್ನು ಕಾಣುತ್ತಿತ್ತು.

ಹಾಡು ಶುರುವಾಯಿತು. ಮೊದಲ ನುಡಿಯಲ್ಲಿ ಅಲ್ಲೊಂದು ಇಲ್ಲೊಂದು ಸ್ವರ ಎಡವಿತು. ಡೋಲಕ್ಕು ಎರಡು ಸಲ ನಿಂತು ಹೊರಟಿತು. ಜನಕ್ಕೆ ಅಷ್ಟಾಗಿ ತಿಳಿಯಲಿಲ್ಲ. ನನ್ನ ಬೆರಳು ಏರಿಸುವ ಗುಂಡಿಯ ಮೇಲಿತ್ತು. ಮಕ್ಕಳೇ, ಆ ಕ್ಷಣ ಏರಿಸಬೇಕೆಂದೇ ನಾನು ಬೆರಳಿಟ್ಟಿದ್ದೆ. ಅಷ್ಟು ಎಡವಿದ್ದು ಸಾಕೆನ್ನಿಸಿತ್ತು. ಅರವತ್ತಕ್ಕೆ ತಂದರೆ ಹಾಡು ನೆಟ್ಟಗಾಗುತ್ತಿತ್ತು. ಮೇಳದವರು ಪಲ್ಲವಿ ಎತ್ತಿಕೊಂಡಾಗ ಅವಳು ಹಿಂದಕ್ಕೆ ವಾಲಿ, ತುಟಿ ಅಲುಗಿಸದೆ, ಪರದೆಗೆ ಹೇಳಿದಳು: “ಏನ್ ಮಾಡ್ತಾ ಇದೀಯೇ ಅಲ್ಲಿ? ಸರಿ ಮಾಡೇ.” ಅದರ ಕೊನೆಗೆ ಒಂದು ಮಾತು ಸೇರಿಸಿದಳು. ಗಂಡ ಸತ್ತವಳಿಗೆ ಮಾತ್ರ ಬೈಯುವ ಮಾತು. ನೀವು ಎಲ್ಲಾದರೂ ಕೇಳಿರುತ್ತೀರಿ, ನಾನು ಬರೆಯುವುದಿಲ್ಲ.

ಬೆರಳನ್ನು ಪಕ್ಕದ ಗುಂಡಿಗೆ ಸರಿಸಿದೆ. ಒತ್ತಿದೆ. ಇಪ್ಪತ್ತೈದು, ಇಪ್ಪತ್ತು, ಹದಿನೈದು, ಹನ್ನೆರಡು. ಒಂದೊಂದೇ ಇಳಿಯುವುದನ್ನು ನೋಡುತ್ತ ಒತ್ತಿದೆ. 

ಆಮೇಲಿನದನ್ನು ನೀವು ವಿಡಿಯೋದಲ್ಲಿ ನೋಡಿದ್ದೀರಿ. ಇಪ್ಪತ್ತನಾಲ್ಕು ಬಳೆಗಳ ಒಂದೊಂದು ಸದ್ದಿಗೂ ಒಂದೊಂದು ಸ್ವರ. ಅವಳು ಗಾಬರಿಯಿಂದ ಕೈ ಕೊಡವಿದಷ್ಟೂ ಡೋಲಕ್ಕು ಹೆಚ್ಚಿತು. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ನಾನು ಪರದೆಯ ಹಿಂದೆ ಸೆರಗು ಬಾಯಿಗಿಟ್ಟುಕೊಂಡಿದ್ದೆ. ಅಳುತ್ತಿರಲಿಲ್ಲ.

ಡಬ್ಬದಿಂದ ಸ್ಪೀಕರಿಗೆ ಹೋಗುವ ವೈರನ್ನು ಯಾರೋ ಕಿತ್ತರು. ಪ್ರೆಸಿಡೆಂಟಕ್ಕ ಆಗ ಸೆರಗಿಗೆ ಒಂದು ಮೈಕು ಸಿಕ್ಕಿಸಿಕೊಂಡು, “ನಮ್ಮ ತಪ್ಪಿಲ್ಲ ಕಣ್ರೀ. ತರೀಕೆರೆ ಆ ಲೆಕ್ಚರರ್ ಮಾಡಿದ ಡಬ್ಬ ಇದು, ಗುಜರಿ ಸಾಮಾನು,” ಎಂದಳು. ಲೆಕ್ಚರರ್ ಹುಡುಗಿ ಪ್ರಿನ್ಸಿಪಾಲರ ಪಕ್ಕದಿಂದ ಎದ್ದು ವೇದಿಕೆಯತ್ತ ಬರುತ್ತಿದ್ದವಳು ಅರ್ಧಕ್ಕೇ ನಿಂತಳು. ಅವಳ ಮುಖ ನೋಡಿದಾಗಲೇ ನನಗೆ ಅರಿವಾದದ್ದು, ನಾನು ಎಸೆದ ಕಲ್ಲು ಇಬ್ಬರಿಗೆ ಬಿದ್ದಿದೆ.

ಪರದೆ ಸರಿಸಿ ಹೊರಗೆ ಬಂದೆ. ಅಷ್ಟು ಜನರ ಮುಂದೆ ಹೇಗೆ ನಡೆದೆನೋ ನೆನಪಿಲ್ಲ. ಪ್ರೆಸಿಡೆಂಟಕ್ಕ ಕೈ ಮುಂದೆ ಚಾಚಿ, “ಏನಾಗೈತೆ ನೋಡೇ ಇದಕ್ಕೆ,” ಎಂದಳು.

“ಬಳೆ ತೆಗೀರಿ ಅಕ್ಕ, ಸರಿಹೋಗುತ್ತೆ,” ಎಂದೆ.

ಮೆಲ್ಲಗೇ ಹೇಳಿದ್ದು. ಅವಳ ಸೆರಗಿಗೆ ಸಿಕ್ಕಿಸಿದ್ದ ಮೈಕು ಅದನ್ನು ಸಭೆಗೆಲ್ಲ ಕೇಳಿಸಿತು. ದೀಪ ಹಚ್ಚುವ ಹೊತ್ತಿನಲ್ಲಿ, ಆಗತಾನೇ ತೊಟ್ಟ ಹಸಿರು ಬಳೆಯನ್ನು ತೆಗೆ ಎಂದು ಮುತ್ತೈದೆಗೆ ಯಾರೂ ಹೇಳುವುದಿಲ್ಲ. ನಮ್ಮ ಕಡೆ ಬಳೆ ತೆಗೆಸುವುದು ಯಾವತ್ತೆಂದು ಅಲ್ಲಿದ್ದ ಪ್ರತಿ ಹೆಂಗಸಿಗೂ ಗೊತ್ತು, ನನಗೂ ಗೊತ್ತು. ಯಂತ್ರದ ಮಟ್ಟಿಗೆ ನಾನು ಹೇಳಿದ್ದು ಸತ್ಯ. ಆದರೆ ಯಂತ್ರಕ್ಕಾಗಿ ನಾನು ಹೇಳಲಿಲ್ಲ. ಅವಳ ಮುಖದ ಬಣ್ಣ ಹೋಯಿತು. ನಾನು ಅವಳ ಪಟ್ಟಿಗಳನ್ನು ಬಿಚ್ಚಿದೆ, ನಿಧಾನವಾಗಿ, ಒಂದೊಂದೇ ಗಂಟು.

ನನ್ನ ಮಣಿಕಟ್ಟಿಗೆ ಕಟ್ಟಿಕೊಂಡು ಅವಳ ಜಾಗದಲ್ಲಿ ಕೂತೆ. ಮೂರು ಎಣಿಸಿದೆ. ಲೆಕ್ಚರರ್ ಹುಡುಗಿ ವೈರ್ ಸಿಕ್ಕಿಸಿದಳು. ನಂಬರ್ ಹನ್ನೆರಡಕ್ಕೇ ಇತ್ತು, ನನ್ನ ಕೈಗೆ ಸರಿಯಾಗಿ. ಹಿಂದಿನ ಸಾಲಿನವರಿಗೆ ನನ್ನ ಕೈ ಆಡುವುದೂ ಕಾಣಲಿಲ್ಲವಂತೆ. ಹಾಡು ಪೂರ್ತಿ ನುಡಿಸಿದೆ. ಪ್ರೆಸಿಡೆಂಟಕ್ಕ ಪಕ್ಕದಲ್ಲಿ ನಿಂತು ನೋಡಿದಳು. ನಾನು ಬಯಸಿದ್ದು ಅಷ್ಟೇ ಅಲ್ಲವೇ, ಸಿಕ್ಕಿತು. ಸಿಹಿಯಾಗೇ ಇತ್ತು.

ಕಡೂರು ಬಸ್ ಸ್ಟ್ಯಾಂಡಿನಲ್ಲಿ ಲೆಕ್ಚರರ್ ಹುಡುಗಿ ಡಬ್ಬದ ವೈರ್ ಸುತ್ತುತ್ತ ಕೂತಳು. ಆಮೇಲೆ ಹೇಳಿದಳು:

“ಗುಂಡಿ ಒತ್ತಿದ್ದೆಲ್ಲ ಡಬ್ಬದೊಳಗೆ ದಾಖಲಾಗುತ್ತೆ ಅಮ್ಮ. ನಿಮಗೆ ಹೇಳಿರ್ಲಿಲ್ಲ.”

ನಾನು ನೆಲ ನೋಡಿದೆ.

“ಅವರಿಗೆ ಏನಾದ್ರೂ ಮಾಡ್ಕೊಳ್ಳಿ. ನನ್ನ ಪ್ರಿನ್ಸಿಪಾಲರು ನಂದು ಗುಜರಿ ಅಂದ್ಕೊಂಡು ಎದ್ದು ಹೋದ್ರು, ನಿಮ್ಮ ಹಾಡಿಗೆ ಇರ್ಲಿಲ್ಲ. ಐದು ತಿಂಗಳು ನಮ್ಮನೆ ಚಹಾ ಕುಡಿದ್ರಲ್ಲ ಅಮ್ಮ, ಒಂದ್ ಮಾತು ಹೇಳ್ಬಾರ್ದಿತ್ತಾ?”

ಸೋಮವಾರ ಪಾಲಿಟೆಕ್ನಿಕ್ಕಿಗೆ ಹೋಗಿ ಪ್ರಿನ್ಸಿಪಾಲರ ಮುಂದೆ ನಿಂತೆ. ವೇದಿಕೆ ಹತ್ತುವುದಕ್ಕಿಂತ ಅದು ಕಷ್ಟವಾಯಿತು. “ಯಂತ್ರ ಸರಿ ಇತ್ತು ಸ್ವಾಮಿ. ನಾನೇ ಕೆಡಿಸಿದ್ದು. ಬೇಕಂತ್ಲೇ,” ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಹುಡುಗಿ ಗೇಟಿನವರೆಗೆ ಬಂದು ಬಸ್ ಹತ್ತಿಸಿದಳು. ಅಷ್ಟರಮಟ್ಟಿಗೆ ನನಗೆ ಕ್ಷಮೆ ಸಿಕ್ಕಿತು.

ಎರಡು ತಿಂಗಳ ಮೇಲೆ ಪ್ರೆಸಿಡೆಂಟಕ್ಕ ಅಜ್ಜಂಪುರಕ್ಕೆ, ನಮ್ಮ ಮನೆಗೆ ಬಂದಳು. ಜಗುಲಿಯ ಅಂಚಿನಲ್ಲಿ ಕೂತಳು. ಕಾಫಿ ಕೊಟ್ಟೆ.

“ಸಖರಾಯಪಟ್ಟಣದಲ್ಲಿ ಒಂದು ಆರತಕ್ಷತೆ. ಕೈ ಆಡ್ಸಿ ನುಡಿಸ್ತಾರಲ್ಲ ಆ ಅಜ್ಜೀನೇ ಬೇಕು ಅಂತ ಮದ್ವೆ ಹೆಣ್ಣೇ ಹಟ ಹಿಡ್ದವ್ಳೆ. ತಂಡದೋರೂ ನೀನಿಲ್ದೆ ಬರಲ್ಲ ಅಂತವ್ರೆ.”

“ನಾನೆಲ್ಲಿ ಕೂರ್ಲಿ?”

“ಮುಂದೆ.”

“ಡಬ್ಬ ಯಾರು ನೋಡ್ಕೊಳ್ಳೋದು?”

“ಆ ಲೆಕ್ಚರರ್ ಇಲ್ವಾ?”

“ಅವ್ಳಿಗೆ ಕಾಲೇಜೈತೆ. ನೀವ್ ನೋಡ್ಕೊಳ್ಳಿ ಅಕ್ಕ. ಪರದೆ ಹಿಂದೆ.”

ಲೋಟ ಕೆಳಗಿಟ್ಟಳು. ಎದ್ದು ಹೋಗುತ್ತಾಳೆಂದುಕೊಂಡೆ, ಹೋಗಲೆಂದೇ ಹೇಳಿದ್ದೆ. ಅವಳು ಏಳದೆ, “ಕಲ್ಸ್‌ಕೊಡು,” ಎಂದಳು.

ಎರಡು ಗುಂಡಿ, ಒಂದು ನಂಬರು, ಕಲಿಯಲು ಎಷ್ಟು ಹೊತ್ತು. ನನ್ನ ಕೈಗೆ ಹನ್ನೆರಡು ಎಂದು ಹೇಳಿಕೊಟ್ಟೆ. ಏರಿಸಿದರೆ ಏನಾಗುತ್ತದೆ ಎಂದು ಕೇಳಿದಳು. ನನ್ನ ಝಾಡು ಯಂತ್ರಕ್ಕೆ ತಿಳಿಯುವುದಿಲ್ಲ, ಕೈ ಆಡಿಸುತ್ತಿದ್ದರೂ ದನಿ ಹೊರಡುವುದಿಲ್ಲ ಎಂದೆ. ಹೇಳಿದ ಮೇಲೆ ಹೊಳೆಯಿತು, ಗುಂಡಿ ಈಗ ಅವಳ ಕೈಯಲ್ಲಿದೆ.

ಆರತಕ್ಷತೆಯ ದಿನ ಹೆಣ್ಣು ಗಂಡಿನ ಎದುರಿಗೇ ನನಗೆ ಚಾಪೆ ಹಾಸಿದ್ದರು. ಕೈ ತೊಡೆಯ ಮೇಲಿಟ್ಟು ಮೂರು ಎಣಿಸುವಾಗ ಬೆನ್ನ ಹಿಂದೆ ಪರದೆ ಅಲುಗಿತು. ಒಂದೊಂದು ಸ್ವರವನ್ನೂ ಇದೇ ಕೊನೆಯದು, ಮುಂದಿನದು ಹುಟ್ಟುವುದಿಲ್ಲ ಎಂದುಕೊಂಡೇ ನುಡಿಸಿದೆ. ಮೊದಲ ನುಡಿ ಮುಗಿಯಿತು, ಎರಡನೆಯದು ಮುಗಿಯಿತು. ಪ್ರತಿ ಪಲ್ಲವಿಯಲ್ಲೂ ಕಾದೆ. ಸ್ವರಗಳು ಒಂದೂ ತಪ್ಪದೆ ಬಂದವು.

ಮುಗಿದ ಮೇಲೆ ಹಿಂದೆ ಹೋಗಿ ನೋಡಿದೆ. ಹನ್ನೆರಡು. ಅವಳು ಎರಡೂ ಕೈಗಳನ್ನು ಮಡಿಲಲ್ಲಿ ಕಟ್ಟಿಕೊಂಡು, ಡಬ್ಬದಿಂದ ಒಂದು ಮಾರು ದೂರ ಕೂತಿದ್ದಳು.  ಅವಳು ಕೆಡಿಸಿದ್ದರೆ ನಾವಿಬ್ಬರೂ ಸಮವಾಗುತ್ತಿದ್ದೆವು. ಕೆಡಿಸದೇ ಇದ್ದದ್ದಕ್ಕಾಗಿ ನಾನು ಅವಳನ್ನು ಇನ್ನೂ ಕ್ಷಮಿಸಿಲ್ಲ.